ಡಂಗುರದವರಿಗೆ ಮತವಿಲ್ಲ

ನನಗೆ ಸಿಟ್ಟು ಬಂದರೆ ಪಾತ್ರೆ ತಿಕ್ಕುತ್ತೇನೆ. ಬೈಯುವುದಿಲ್ಲ, ಅಳುವುದಿಲ್ಲ, ಬಾಗಿಲು ದಡಾರನೆ ಹಾಕುವುದೂ ಇಲ್ಲ. ಒಮ್ಮೊಮ್ಮೆ ಹಾಕಿದ್ದುಂಟು, ಆದರೆ ಆ ಅಪವಾದವನ್ನು ಗಾಳಿಯ ಮೇಲೆ ಹೊರಿಸಿಬಿಡುತ್ತೇನೆ. ಮನೆಗೆ ಬಂದವರು ಅಡುಗೆಮನೆ ಇಣುಕಿ, "ಎಷ್ಟ ಸ್ವಚ್ಛ ಇಟ್ಟೀರ್ರಿ ಅಕ್ಕಾರ, ಭಾಂಡಿ ಅಂದ್ರ ಕನ್ನಡಿ ಆಗ್ಯಾವ" ಎನ್ನುತ್ತಾರೆ. ನಮ್ಮ ಮನೆಯವರು ಹಿಂದೆ ನಿಂತು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ಪಾತ್ರೆ ಹೊಳೆದಷ್ಟೂ ಆ ವಾರ ಅವರಿಗೆ ಕಷ್ಟ ಕಾದಿದೆ ಎಂದು ಅರ್ಥ.

ಮೊನ್ನೆ ರವಿವಾರ ಮಧ್ಯಾಹ್ನ ಕುಕ್ಕರಿನ ತಳ ಹಿಡಿದುಕೊಂಡು ಕೂತಿದ್ದೆ. ಗಡಿಯಾರ ನೋಡಿದರೆ ಮೂರು ಗಂಟೆ. ಒದ್ದೆ ಕೈ ತಾನಾಗಿಯೇ ಸೆರಗಿಗೆ ಒರೆಸಿಕೊಂಡು ಫೋನಿನ ಕಡೆ ಹೋಯಿತು. ಎರಡು ವರ್ಷದ ಚಾಳಿ, ಸುಲಭಕ್ಕೆ ಬಿಡುತ್ತದೆಯೆ? ರವಿವಾರ ಮಧ್ಯಾಹ್ನ ಮೂರು ಗಂಟೆಯೆಂದರೆ ನಮ್ಮ ಊರಲ್ಲಿ ರಾತ್ರಿಯಾಗುವ ಹೊತ್ತು. ನೀವು ಸರಿಯಾಗಿಯೇ ಓದಿದಿರಿ. ಆ ಊರು ಫೋನಿನೊಳಗಿತ್ತು, ಅಲ್ಲಿ ಕಳ್ಳರಿದ್ದರು, ತಳವಾರನಿದ್ದ, ನಾನೂ ಇದ್ದೆ. ಒಂದು ತಿಂಗಳಿಂದ ಆಟ ನಿಂತಿದೆ. ಯಾಕೆ ನಿಂತಿತೆಂದು ಹೇಳದಿದ್ದರೆ ಈ ಕುಕ್ಕರಿಗೆ ತೂತು ಬೀಳುವುದು ಖಂಡಿತ.

ನಾನು ಮೂಡಲಗಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಬೆಳಿಗ್ಗೆ ರೊಟ್ಟಿ ಬಡಿಯುವಾಗ ಕಿವಿಗೆ ಏನಾದರೂ ಬೇಕು, ಇಲ್ಲವಾದರೆ ನನ್ನ ತಲೆಯೊಳಗಿನ ಜಗಳಗಳೇ ಕೇಳತೊಡಗುತ್ತವೆ. ಹೀಗೆ ಸಿಕ್ಕಿದ್ದು ಇಂಟರ್ನೆಟ್ಟಿನಲ್ಲಿ ವಾರಕ್ಕೊಂದು ಕಂತು ಬರುವ ಒಂದು ಪತ್ತೇದಾರಿ ಧಾರಾವಾಹಿ. ನೋಡುವುದಲ್ಲ, ಬರೀ ಕೇಳುವುದು. ಅದರ ನಾಯಕಿ ಗಂಗವ್ವ ಎಂಬ ಅರವತ್ತು ದಾಟಿದ ಹೆಂಗಸು, ಹಿಟ್ಟಿನ ಗಿರಣಿ ನಡೆಸುತ್ತಾಳೆ. ಊರಲ್ಲಿ ಏನೇ ಕಳವಾದರೂ, ಯಾರು ಯಾವ ಕಾಳು ಬೀಸಿಸಲು ತಂದರು, ಎಷ್ಟು ತಂದರು, ಯಾವ ಚೀಲದಲ್ಲಿ ತಂದರು ಎಂಬುದರ ಮೇಲೆಯೇ ಕಳ್ಳನನ್ನು ಹಿಡಿಯುತ್ತಾಳೆ. ಗಂಗವ್ವನ ಗಿರಣಿಯಲ್ಲಿ ಯಾರ ಕಾಳನ್ನೂ ವಾಪಸು ಕಳಿಸುವುದಿಲ್ಲ. ಈ ಮಾತು ನನಗೆ ಯಾಕೆ ಅಷ್ಟು ಹಿಡಿಸಿತೆಂದು ಮುಂದೆ ಹೇಳುತ್ತೇನೆ.

ಈ ಗಂಗವ್ವನಿಗೆ ಅಭಿಮಾನಿಗಳ ವಾಟ್ಸಾಪ್ ಗುಂಪೊಂದಿದೆ, ಗಿರಣಿ ಬಳಗ. ಅದಕ್ಕೆ ಸೇರುವವರು ತಮ್ಮ ಹೆಸರು ಬಿಟ್ಟು ಒಂದು ಕಾಳಿನ ಹೆಸರು ಇಟ್ಟುಕೊಳ್ಳಬೇಕು. ಅದೇ ಅಲ್ಲಿಯ ಪದ್ಧತಿ. ಬಿಳಿಜೋಳ, ನವಣಿ, ಸಜ್ಜಿ, ಅಗಸಿ, ಮಡಕಿ, ಪುಟಾಣಿ, ಹೀಗೆ. ನಾನು ಹುರಳಿ ಆದೆ. ಮೈಗೆ ಉಷ್ಣ ಮಾಡುವ ಕಾಳು ಎಂದು ನಮ್ಮ ಮನೆಯವರು ಸೂಚಿಸಿದ್ದು. ಅಡ್ಡಹೆಸರಿಲ್ಲ, ಊರಿಲ್ಲ, ಓಣಿಯಿಲ್ಲ, ಬರೀ ಕಾಳು. ನಮ್ಮ ಕಡೆ ಇಬ್ಬರು ಹೊಸಬರು ಬಸ್ಸಿನಲ್ಲಿ ಬಾಜೂಕ್ಕೆ ಕೂತರೆ, ಮೂರನೆಯ ಪ್ರಶ್ನೆಯೊಳಗೆ ಮಾತು ಎಲ್ಲಿಗೆ ಬಂದು ನಿಲ್ಲುತ್ತದೆಂದು ನಿಮಗೆ ಗೊತ್ತಿದೆ. "ಯಾವೂರ್ರಿ? ಯಾರ ಪೈಕಿ? ಅಡ್ಡಹೆಸರೇನ್ರಿ?" ಗಿರಣಿ ಬಳಗದಲ್ಲಿ ಎಂಟು ತಿಂಗಳು ಯಾರೂ ನನ್ನನ್ನು ಹಾಗೆ ಕೇಳಲಿಲ್ಲ. ಮೈಮೇಲಿನ ಹೊರೆ ಇಳಿಸಿದ ಹಾಗಾಗಿತ್ತು ನನಗೆ.

ರವಿವಾರದ ಆಟ ಶುರು ಮಾಡಿದವನು ಬಿಳಿಜೋಳ. ನಿಜವಾದ ಹೆಸರು ಮಹಾಂತೇಶ, ಗೋಕಾಕದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದಾನೆ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹನ್ನೆರಡು-ಹದಿನಾಲ್ಕು ಮಂದಿ ತಪ್ಪದೆ ಸೇರುತ್ತಿದ್ದೆವು. ಆಟ ಸರಳ. ಮಹಾಂತೇಶ ಒಬ್ಬೊಬ್ಬರಿಗೂ ಗುಟ್ಟಾಗಿ ಒಂದು ಪಾತ್ರ ಕಳಿಸುತ್ತಾನೆ. ಇಬ್ಬರು ಕಳ್ಳರು, ಒಬ್ಬ ತಳವಾರ, ಒಬ್ಬ ವೈದ್ಯ, ಉಳಿದವರೆಲ್ಲ ಊರವರು. 'ರಾತ್ರಿ' ಎಲ್ಲರೂ ಸುಮ್ಮನಿರಬೇಕು, ಕಳ್ಳರು ಒಬ್ಬರ ಮನೆ ದೋಚುತ್ತಾರೆ. 'ಬೆಳಗಾದ' ಮೇಲೆ ಎಲ್ಲರೂ ಸೇರಿ ಕಳ್ಳ ಯಾರೆಂದು ವಾದಿಸಿ ಮತ ಹಾಕಬೇಕು. ಹೆಚ್ಚು ಮತ ಬಿದ್ದವರು ಊರು ಬಿಡಬೇಕು. ಕಳ್ಳರು ಹೊರಬಿದ್ದರೆ ಊರು ಗೆದ್ದಿತು.

ಮಧ್ಯಾಹ್ನ ಮೂರಕ್ಕೇ ರಾತ್ರಿ ಮಾಡಿದ್ದು ಪದ್ಮಕ್ಕನ ಸಲುವಾಗಿ. ಪದ್ಮಕ್ಕ ಎಂದರೆ ಪುಟಾಣಿ. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ಅವರದು ಕಿರಾಣಿ ಅಂಗಡಿ, ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಲೇಬೇಕು. "ನೀವ ಎಷ್ಟರೆ ಕಳವ ಮಾಡ್ರಿ, ಐದಕ್ಕ ನಾ ಏಳಾಕಿ" ಎಂದು ಮೊದಲ ದಿನವೇ ಹೇಳಿಬಿಟ್ಟಿದ್ದರು. ಅಂಗಡಿಯ ಗಲ್ಲೆಯ ಮುಂದೆ ಕೂತು, ಗಿರಾಕಿಗೆ ಶೇಂಗಾ ತೂಗುತ್ತಲೇ, ನಡುನಡುವೆ ಮರಾಠಿಯಲ್ಲಿ ಯಾರನ್ನೋ ಗದರಿಸುತ್ತಲೇ ಕಳ್ಳರನ್ನು ಹಿಡಿಯುತ್ತಿದ್ದರು.

ಚಿಕ್ಕವಳಿದ್ದಾಗ ತುಕ್ಕಾನಟ್ಟಿಯ ಸಾಲೆಯಲ್ಲಿ ನಾವು ರಾಜಾ-ರಾಣಿ-ಕಳ್ಳ-ಪೊಲೀಸ ಆಡುತ್ತಿದ್ದೆವು. ನಾಲ್ಕು ಚೀಟಿ ಮಡಚಿ, ಕೈಯಲ್ಲಿ ಕುಲುಕಿ, ನೆಲಕ್ಕೆ ಚೆಲ್ಲುವುದು. ಕಳ್ಳನ ಚೀಟಿ ಬಂದರೆ ನನ್ನ ಕಿವಿಗಳು ಕೆಂಪಗಾಗಿ ನಾನಾಗಿಯೇ ಸಿಕ್ಕಿಬೀಳುತ್ತಿದ್ದೆ. ಒಮ್ಮೆ ರಾಣಿಯ ಚೀಟಿ ಬಂದಾಗಲೂ ಸುಮ್ಮನೆ ಭಯವಾಗಿ ಕಿವಿ ಕೆಂಪಗಾದವು, ಪೊಲೀಸ ನನ್ನನ್ನೇ ಹಿಡಿದ. ಈಗಲೂ ಹಾಗೆಯೇ. ಸ್ಟಾಫ್ ರೂಮಿನಲ್ಲಿ ಯಾರ ಡಬ್ಬಿಯ ಉಪ್ಪಿನಕಾಯಿ ಕಾಣೆಯಾದರೂ ನನ್ನ ಕಿವಿ ನೋಡುತ್ತಾರೆ.

ಫೋನಿನಲ್ಲಿ ಕಿವಿ ಯಾರಿಗೆ ಕಾಣಬೇಕು? ನಾನು ಬಲು ಜಾಣ ಕಳ್ಳಿಯಾದೆ, ನೋಡಿ! ಒಂದು ರವಿವಾರ ಇಡೀ ಊರು ದೋಚಿದೆ. ಕೊನೆಗೆ ಮೂವರು ಉಳಿದಾಗಲೂ ಪದ್ಮಕ್ಕ, "ಹುರಳಿ ಹಂತಾಕಿ ಅಲ್ಲ, ಆಕಿ ಬಂಗಾರದಂಥಾ ಹೆಣಮಗಳು" ಎಂದು ನನ್ನ ಪರ ವಾದಿಸುತ್ತಿದ್ದರು. ಆಟ ಮುಗಿದಾಗ ಒಂದೇ ಸಮ ಬೈದರು. ಅಷ್ಟು ಖುಷಿ ನನಗೆ ಪಗಾರ ಹೆಚ್ಚಾದಾಗಲೂ ಆಗಿರಲಿಲ್ಲ. ಊರವಳಾಗಿ ವಾದಿಸುವುದೂ ಅಷ್ಟೇ ಸೊಗಸು. ನಾನು ಮಾತಾಡಿದರೆ ನಾಲ್ಕು ಮಂದಿ ಕೇಳುತ್ತಿದ್ದರು, ನಾನು ಕೈ ಎತ್ತಿದ ಕಡೆ ಮತ ಬೀಳುತ್ತಿದ್ದವು. ಹೊಗಳಿಕೊಳ್ಳುತ್ತಿದ್ದೇನೆ ಎಂದುಕೊಳ್ಳಬೇಡಿ. ಹೊಗಳಿಕೊಳ್ಳುತ್ತಿದ್ದೇನೆ, ಹೌದು, ಆದರೆ ಸುಳ್ಳಲ್ಲ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ಗಂಗವ್ವನ ಒಂದು ಕಂತಿನಲ್ಲಿ ಡಂಗುರ ಸಾರುವ ಸನ್ನಿವೇಶ ಬಂತು. ಹಲಗಿಯ ಸದ್ದು ತೀರಾ ಕೃತಕವಾಗಿತ್ತು, ತಗಡಿನ ಡಬ್ಬಿ ಬಡಿದ ಹಾಗೆ. ಗುಂಪಿನಲ್ಲಿ ಯಾರೋ, "ಖರೇನ ಡಂಗುರ ಹೆಂಗ ಇರ್ತಿತ್ತು, ಯಾರರೆ ಕೇಳೀರೇನು?" ಎಂದರು. ನನಗೆ ತಡೆಯಲಾಗಲಿಲ್ಲ. ಎರಡು ನಿಮಿಷದ ಧ್ವನಿ ಸಂದೇಶ ಕಳಿಸಿದೆ. ನನ್ನ ಮುತ್ಯಾ, ಅಪ್ಪನ ಅಪ್ಪ, ತುಕ್ಕಾನಟ್ಟಿಯ ಡಂಗುರದವನು, ಹಲಗಿಯ ತೊಗಲನ್ನು ಹುಲ್ಲಿನ ಉರಿಗೆ ಹೇಗೆ ಕಾಯಿಸುತ್ತಿದ್ದ, ಸಾವಿಗೊಂದು ಬಡಿತ, ಸಭೆಗೊಂದು ಬಡಿತ ಹೇಗಿತ್ತು, "ಕೇಳ್ರಪ್ಪೋ ಕೇಳ್ರೀ, ನಾಳಿಂದ ಮೂರ ದಿನ ಕಾಲವಿ ನೀರ ಬಂದ್ ಐತಿ" ಎಂದು ಅವನು ಕೂಗಿದರೆ ಹೊಳೆಯಾಚೆಯ ಹೊಲಗಳಿಗೂ ಹೇಗೆ ಕೇಳುತ್ತಿತ್ತು, ಎಲ್ಲ ಹೇಳಿದೆ. ಬಾಯಲ್ಲಿ ಬಡಿತವನ್ನೂ ಅನುಕರಿಸಿದೆ. ಹೆಮ್ಮೆಯಿಂದಲೇ ಹೇಳಿದೆ. ಈಗಲೂ ಆ ಹೆಮ್ಮೆ ಇದೆ, ಅದನ್ನು ಯಾರೂ ಕಸಿದುಕೊಳ್ಳುವುದು ಬೇಡ.

ಹೇಳದೆ ಬಿಟ್ಟದ್ದೂ ಇತ್ತು. ಆರು ವರ್ಷದವಳಿದ್ದಾಗ ಮುತ್ಯಾನ ಧೋತರದ ಚುಂಗು ಹಿಡಿದು ನಾನೂ ಡಂಗುರಕ್ಕೆ ಹೋಗುತ್ತಿದ್ದೆ. ಒಂದು ದಿನ ಸಂಜೆ ಚಾವಡಿಯಲ್ಲಿ ಊರ ಸಭೆ ಇದೆಯೆಂದು ಮುತ್ಯಾ ಊರ ಹೊರಗಿನ ನಮ್ಮ ಕೇರಿಯಿಂದ ಹೊರಟು ಓಣಿ ಓಣಿ ಸಾರಿದ. ಸಂಜೆ ಎಲ್ಲರೂ ಬಂದು ಚಾವಡಿಯ ಕಟ್ಟೆ ಹತ್ತಿ ಕೂತರು. ಮುತ್ಯಾ ಕೆಳಗೆ, ಚಪ್ಪಲಿಗಳ ಹತ್ತಿರ ನಿಂತ. ನಾನು ಕೇಳಿದೆ, "ಮುತ್ಯಾ, ಎಲ್ಲಾರ್ನೂ ಕರದಾವ ನೀನ. ನೀ ಯಾಕ ಮ್ಯಾಲ ಕುಂಡ್ರವಲ್ಲಿ?" ಮುತ್ಯಾ ನನ್ನ ತಲೆ ಸವರಿ, "ನಾ ಕರ್‍ಯಾವ, ಮಗಳ. ಕುಂಡ್ರಾವಲ್ಲ" ಎಂದ. ಕೈಗೆ ಒಂದು ಬೆಲ್ಲದ ಚೂರು ಕೊಟ್ಟ. ಬೆಲ್ಲ ತಿನ್ನುತ್ತ ನಾನು ಆ ಪ್ರಶ್ನೆಯನ್ನು ಮರೆತೆ.

ಅಪ್ಪ ಮರೆಯಲಿಲ್ಲ. ಪಶು ಆಸ್ಪತ್ರೆಯಲ್ಲಿ ಕಂಪೌಂಡರ ನೌಕರಿ ಸಿಕ್ಕ ವರ್ಷ ಬೌದ್ಧ ಧಮ್ಮ ತೆಗೆದುಕೊಂಡು, ಊರ ಹಿರಿಯರ ಮುಂದೆ ನಿಂತು, "ಇನ್ನ ಮ್ಯಾಲ ನಮ್ಮಪ್ಪ ಹಲಗಿ ಹಿಡದು ಬರಂಗಿಲ್ರಿ" ಎಂದುಬಿಟ್ಟ. ಊರಿನವರು ಬಾಯಿಬಿಟ್ಟು ಏನೂ ಅನ್ನಲಿಲ್ಲ. ಗಿರಣಿಯಲ್ಲಿ ಮಾತ್ರ ನಮ್ಮ ಜೋಳ ಬೀಸುವುದು ನಿಂತಿತು. ಎಂಟು ತಿಂಗಳು ಅವ್ವ ತಲೆಯ ಮೇಲೆ ಬುಟ್ಟಿ ಹೊತ್ತು ಮೂಡಲಗಿಗೆ ನಡೆದು ಬೀಸಿಸಿಕೊಂಡು ಬರುತ್ತಿದ್ದಳು. ಯಾರ ಕಾಳನ್ನೂ ವಾಪಸು ಕಳಿಸದ ಗಂಗವ್ವ ನನಗೆ ಯಾಕೆ ದೇವರಂತೆ ಕಂಡಳೆಂದು ಈಗ ಗೊತ್ತಾಯಿತಲ್ಲ? ಹಲಗಿಯನ್ನು ಅಪ್ಪ ಅಟ್ಟಕ್ಕೆ ಹಾಕಿದ. ನಮಗೆ ಮುಟ್ಟಗೊಡಲಿಲ್ಲ. "ಪುಸ್ತಕಾ ಮುಟ್ರಿ, ಅದನ್ನ ಮುಟ್ಟಬ್ಯಾಡ್ರಿ" ಎನ್ನುತ್ತಿದ್ದ. ಮುತ್ಯಾ ಸಂಜೆ ಹೊರಸಿನ ಮೇಲೆ ಕೂತು ಅದರ ಕಟ್ಟಿಗೆಯ ಮೇಲೆ ಬೆರಳಾಡಿಸುತ್ತಿದ್ದ. ನಾನು ಬಡಿತ ಕಲಿತದ್ದು ಆ ಬೆರಳುಗಳಿಂದ, ಅದೂ ಬರೀ ಕಿವಿಗೆ.

ಧ್ವನಿ ಸಂದೇಶಕ್ಕೆ ಗುಂಪಿನಲ್ಲಿ ಹೂವು, ಚಪ್ಪಾಳೆ, ಕೆಂಪು ಹೃದಯ ಸುರಿದವು. ಮುಂದಿನ ರವಿವಾರ ಮಹಾಂತೇಶ ಆಟಕ್ಕೊಂದು ಹೊಸ ಪಾತ್ರ ಸೇರಿಸಿದ, ಡಂಗುರದವರು. ಬೆಳಗಾದ ಮೇಲೆ ಯಾರ ಮನೆ ದೋಚಲ್ಪಟ್ಟಿತು, ಮತದಿಂದ ಯಾರು ಊರು ಬಿಟ್ಟರು ಎಂದು ಸಾರುವುದು ಅವರ ಕೆಲಸ. ಅವರು ಕಳ್ಳರೂ ಅಲ್ಲ, ಊರವರೂ ಅಲ್ಲ. ಅವರ ಪಾತ್ರ ಗುಟ್ಟಲ್ಲ, ಎಲ್ಲರಿಗೂ ಗೊತ್ತು. ಅವರು ವಾದಿಸುವಂತಿಲ್ಲ. ಅವರಿಗೆ ಮತವಿಲ್ಲ. "ಇದು ನಮ್ಮ ಹುರಳಿ ಅಕ್ಕಾರಿಗೆ ಮಾನದ ಪಾತ್ರ" ಎಂದು ಬರೆದಿದ್ದ.

ನಾನೇನು ಮಾಡಿದೆ ಗೊತ್ತೇ? ಹಿಗ್ಗಿ ಹೀರೇಕಾಯಿಯಾದೆ! ನಾಚಿಕೆಯಾಗುತ್ತದೆ ಹೇಳಲು. ಪ್ರಾಸ ಹಾಕಿ, ದನಿ ಏರಿಸಿ, "ಕೇಳ್ರಪ್ಪೋ ಕೇಳ್ರೀ, ನವಣಿಯವರ ಮನ್ಯಾಗ ನವಿಲ ಹೊಕ್ಕಂಗ ಕಳ್ಳ ಹೊಕ್ಕಾನ" ಎಂದೆಲ್ಲ ಕೂಗಿ ಕಳಿಸಿದೆ. ಎಲ್ಲರೂ ನಕ್ಕರು. ಎರಡನೆಯ ವಾರವೂ ನಾನೇ. ಮೂರನೆಯ ವಾರವೂ. ಐದನೆಯ ವಾರ ಸಜ್ಜಿ ಕಳ್ಳನೆಂದು ನನಗೆ ಹೊಳೆಯಿತು, ಬೆರಳು ತಡೆಯದೆ ಬರೆದುಬಿಟ್ಟೆ. ಕೂಡಲೇ ನವಣಿಯ ಉತ್ತರ ಬಂತು, "ಡಂಗುರದವ್ರು ನಡಕ ಮಾತಾಡೂ ಹಂಗಿಲ್ರಿ ಅಕ್ಕಾರ." ಮುಂದೆ ಒಂದು ನಗುವ ಮುಖ. ಹುಕ್ಕೇರಿಯಲ್ಲಿ ಔಷಧಿ ಅಂಗಡಿ ಇಟ್ಟಿರುವ ಈ ನವಣಿ ತುಂಬ ಸಂಭಾವಿತ ಮನುಷ್ಯ. ಆ ನಗುವ ಮುಖವನ್ನು ನೋಡುತ್ತ ನಾನು ಅವತ್ತು ಹಾಲಿನ ಪಾತ್ರೆಯನ್ನು ಎರಡು ಸಲ ತಿಕ್ಕಿದೆ.

ಆರನೆಯ ವಾರ ಮಹಾಂತೇಶನಿಗೆ ಫೋನ್ ಮಾಡಿದೆ. "ಈ ವಾರ ನನಗೂ ಒಂದು ಪಾತ್ರ ಕೊಡ್ರಿ. ಊರವರ್ದರೆ ಕೊಡ್ರಿ, ನಡೀತೈತಿ."

"ಅಯ್ಯ ಅಕ್ಕಾರ, ಊರವ್ರ ಪಾತ್ರ ಅಂದ್ರ ಎಲ್ಲಾರೂ ಮುಖ ಸಿಂಡರಸ್ತಾರ. ನಿಮ್ಮದು ಸ್ಪೆಷಲ್ ಐತ್ರಿ."

"ಬ್ಯಾರೇದಾವ್ರಿಗೆ ಕೊಡ್ರಿ ಸ್ಪೆಷಲ್. ಪಾಳಿ ಹಚ್ರಿ."

"ನಿಮ್ಮಂಗ ಯಾರಿಗೆ ಬರ್ತೈತ್ರಿ? ಅದು ನಿಮ್ಮ ರಕ್ತದಾಗ ಐತಿ."

ರಕ್ತದಾಗ! ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ರಕ್ತದ ಪಾಠ ಮಾಡುತ್ತಿದ್ದೇನೆ. ಕೆಂಪು ಕಣ, ಬಿಳಿ ಕಣ, ಕಿರುತಟ್ಟೆ, ಪ್ಲಾಸ್ಮಾ. ಹಲಗಿ ಇನ್ನೂ ಯಾವ ಪರೀಕ್ಷೆಯಲ್ಲೂ ಸಿಕ್ಕಿಲ್ಲ. ಹಾಗೆ ನೋಡಿದರೆ ಅವನ ಅಜ್ಜ ಗಾಣ ತಿರುಗಿಸುತ್ತಿದ್ದನಂತೆ. ಸ್ಟುಡಿಯೋದಲ್ಲಿ ಅವನು ಎಣ್ಣೆ ತೆಗೆದದ್ದನ್ನು ನಾನು ಕಂಡಿಲ್ಲ. ಇದನ್ನೆಲ್ಲ ಅವನಿಗೆ ಹೇಳಬೇಕಿತ್ತು. ಹೇಳಲಿಲ್ಲ. "ಆತು ಬಿಡ್ರಿ" ಎಂದು ಫೋನಿಟ್ಟೆ. ಒಳ್ಳೆಯ ಉತ್ತರಗಳೆಲ್ಲ ನನಗೆ ಫೋನಿಟ್ಟ ಮೇಲೆಯೇ ಹೊಳೆಯುತ್ತವೆ, ಅದೊಂದು ಹಣೆಬರಹ.

ಮಹಾಂತೇಶ ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು! ಹೋದ ವರ್ಷ ನಮ್ಮ ಮನೆಯವರಿಗೆ ಮೂತ್ರಪಿಂಡದ ಕಲ್ಲಿನ ನೋವು ಎದ್ದಾಗ ಸ್ಟುಡಿಯೋ ಮುಚ್ಚಿ, ತನ್ನ ಕಾರು ತಂದು, ಬೆಳಗಾವಿಯ ತನಕ ಕರೆದೊಯ್ದ. ದವಾಖಾನೆಯ ಬೆಂಚಿನ ಮೇಲೆ ನನ್ನ ಜೊತೆ ಕೂತು ಚುರಮುರಿ ತಿಂದ. ಇಂಥವನ ಮೇಲೆ ಸಿಟ್ಟಾಗುವುದು ಎಷ್ಟು ತ್ರಾಸಿನ ಕೆಲಸ ಎಂದು ಆದವರಿಗೇ ಗೊತ್ತು. ಸಿಟ್ಟು ಅವನ ಮೇಲೆ ಹೊರಟು, ಅರ್ಧ ದಾರಿಯಲ್ಲಿ ಆ ಬೆಂಚು ನೆನಪಾಗಿ, ತಿರುಗಿ ನನ್ನ ಪಾತ್ರೆಗಳ ಮೇಲೆ ಬೀಳುತ್ತಿತ್ತು.

ನಮ್ಮ ಮನೆಯವರು, "ಆಟ ಐತಿ, ಬಿಡ" ಎಂದರು.

"ಆಟ ಐತಿ ಅಂತನ ಕೇಳಾಕತ್ತೇನಿ. ಚಾವಡಿ ಕಟ್ಟಿ ಕೇಳಾಕತ್ತಿಲ್ಲ. ಒಂದ ಮತ, ಅದೂ ಸುಳ್ಳ ಊರಾಗಿನ ಸುಳ್ಳ ಮತ. ಅದನ್ನೂ ಕೊಡಾಕ ಆಗಂಗಿಲ್ಲಂದ್ರ?"

ಅವರು ಎದ್ದು ಚಹಾಕ್ಕೆ ನೀರಿಟ್ಟರು. ಗುಂಪು ಬಿಟ್ಟು ಹೋಗಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಯಾಕೆ ಬಿಡಬೇಕು? ಗಂಗವ್ವ ಅವರಪ್ಪನ ಆಸ್ತಿಯೇ? ಅಲ್ಲದೆ, ಇಷ್ಟೆಲ್ಲ ಆದರೂ ರವಿವಾರ ಮೂರಾದರೆ ಕೈ ತುರಿಸುತ್ತಿತ್ತು. ಸ್ವಾಭಿಮಾನ ಬೇರೆ, ಚಟ ಬೇರೆ.

ಹೀಗೆ ಮತವಿಲ್ಲದೆ ಒಂದು ವರ್ಷದ ಮೇಲೆ ಕಳೆಯಿತು. ಹೋದ ತಿಂಗಳು ಎಲ್ಲರೂ ಒಮ್ಮೆ ಮುಖಾಮುಖಿ ಭೇಟಿಯಾಗೋಣ ಎಂದು ನಿಶ್ಚಯವಾಯಿತು. ಜಾಗ ಧುಪದಾಳ, ಹೊಳೆಯ ಒಡ್ಡಿನ ಹತ್ತಿರದ ನೆರಳು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ನಾನು ತಲುಪುವಷ್ಟರಲ್ಲಿ ಹತ್ತು ಮಂದಿ ಜಮಖಾನೆ ಹಾಸಿ ಕೂತಿದ್ದರು. ನಾನು ಹನ್ನೊಂದನೆಯವಳು. ಪದ್ಮಕ್ಕನನ್ನು ದನಿಯಿಂದ ಗುರುತು ಹಿಡಿದೆ. ಕುಳ್ಳಗೆ, ದುಂಡಗೆ, ಮೂಗುತಿಯ ಹೆಂಗಸು. ನನ್ನನ್ನು ಅಪ್ಪಿಕೊಂಡು, "ಇಕಿನ ನೋಡ್ರಿ ನನ್ನ ಮನಿ ದೋಚಿದಾಕಿ" ಎಂದರು. ಉಳ್ಳಾಗಡ್ಡಿ, ಬೆಳ್ಳುಳ್ಳಿ ಇಲ್ಲದ ತಮ್ಮ ಬುತ್ತಿಯನ್ನು ಬೇರೆ ತಂದಿದ್ದರು, ಆದರೆ ನನ್ನ ಶೇಂಗಾ ಹೋಳಿಗೆ ಮೂರು ತಿಂದರು. ಬಿಸಿ ಮಿರ್ಚಿ ಭಜಿ ಬಂತು, ಚಹಾ ಬಂತು. ನವಣಿ ನನ್ನ ತಟ್ಟೆಗೆ ತಾನೇ ಭಜಿ ಹಾಕಿದ. ಸಿಟ್ಟು ಕರಗತೊಡಗಿತ್ತು, ಸುಳ್ಳು ಯಾಕೆ ಹೇಳಲಿ.

ಊಟವಾದ ಮೇಲೆ ಮಹಾಂತೇಶ, "ಇವತ್ತ ನಾನೂ ಆಡಾವ. ಪದ್ಮಕ್ಕಾರ ಆಟ ನಡಸ್ತಾರ, ನಾ ಚೀಟಿ ಬರದು ತಂದೇನಿ" ಎಂದ. ಆಮೇಲೆ ಮದುವೆಗೆ ಮುಯ್ಯಿ ತಂದವನ ಹಾಗೆ ನಗುತ್ತ ಕಾರಿನ ಡಿಕ್ಕಿ ತೆರೆದು ಒಂದು ಹಲಗಿ ತೆಗೆದ.

ಹೊಸ ಹಲಗಿ. ಸುತ್ತ ಕೆಂಪು ಸ್ಯಾಟಿನ್ ರಿಬ್ಬನ್, ತುದಿಗೆ ಗೊಂಡೆ. ಮದುವೆಗೆ ಮುಂಚೆ ಜೋಡಿಗಳು ಹಳ್ಳಿ ಶೈಲಿಯಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರಂತೆ. ಹುಡುಗ ರೇಷ್ಮೆ ಧೋತರ ಉಟ್ಟು ಹಲಗಿ ಹಿಡಿಯುತ್ತಾನೆ, ಹುಡುಗಿ ಕೊಡ ಹಿಡಿಯುತ್ತಾಳೆ. ಸ್ಟುಡಿಯೋದ ಆ ಸಾಮಾನನ್ನು ನನ್ನ ಸಲುವಾಗಿ ತಂದಿದ್ದ.

"ಅಕ್ಕಾರ, ಇವತ್ತ ಖರೇ ಹಲಗಿ. ನಿಮ್ಮ ಮುತ್ಯಾನ ಬಡಿತಾ ಒಮ್ಮೆ ಕೇಳಸ್ರಿ. ವಿಡಿಯೋ ಮಾಡೂನು."

ನಾಲ್ಕು ಫೋನುಗಳು ಮೇಲೆದ್ದವು. ನನ್ನ ಕಿವಿಗಳು ಕಾದ ಹಂಚಾದವು.

"ನನಗ ಬಾರಸಾಕ ಬರೂದಿಲ್ಲ" ಎಂದೆ.

ಎಲ್ಲರೂ ನಕ್ಕರು. ನವಣಿ, "ಭಾಳ ನಾಚ್ತಾರ ಅಕ್ಕಾರು" ಎಂದ.

"ನಾಚಿಕಿ ಅಲ್ರಿ. ಬರೂದಿಲ್ಲ. ಹಲಗಿ ನಾ ಒಮ್ಮಿನೂ ಕೈಯಾಗ ಹಿಡದಾಕಿ ಅಲ್ಲ. ನಮ್ಮಪ್ಪ ಮುಟ್ಟಗೊಟ್ಟಿಲ್ಲ. ನನಗ ಪಾಠ ಹೇಳಾಕ ಬರ್ತೈತಿ, ಶೇಂಗಾ ಹೋಳಿಗಿ ಬರ್ತೈತಿ, ಸ್ಕೂಟರ್ ಹೊಡ್ಯಾಕ ಬರ್ತೈತಿ. ಇದ ಬರೂದಿಲ್ಲ."

ನಗು ನಿಂತಿತು. ಮಹಾಂತೇಶನ ಮುಖ ಪೆಚ್ಚಾಯಿತು. ಒಂದು ವರ್ಷದಿಂದ ನನ್ನ ರಕ್ತದಲ್ಲಿ ಹಲಗಿ ಹುಡುಕಿದವನಿಗೆ, ನನ್ನ ಕೈಗೆ ಅದು ಬರುತ್ತದೆಯೆ ಎಂದು ಒಮ್ಮೆ ಕೇಳಬೇಕೆಂದೂ ಹೊಳೆದಿರಲಿಲ್ಲ.

"ಹಂಗಾದ್ರ ಡಂಗುರದವ್ರು ಯಾರ್ರಿ?" ಎಂದ.

ಈ ಸಲ ಉತ್ತರ ಹೊತ್ತಿಗೆ ಸರಿಯಾಗಿ ಹೊಳೆಯಿತು. "ಡಂಗುರದವ್ರದೂ ಒಂದ ಚೀಟಿ ಬರೀರಿ. ಎಲ್ಲಾ ಪಾತ್ರದ ಚೀಟಿ ಒಂದ ಡಬ್ಬಿಗಿ ಹಾಕ್ರಿ. ಯಾರಿಗೆ ಬರ್ತೈತೋ ಅವ್ರು ಹಲಗಿ ಹಿಡದು ಸಾರ್ಲಿ. ನನಗ ಬಂದ್ರ ನಾನೂ ಸಾರ್ತೇನಿ, ಬಂದಂಗ ಬಡಿತೇನಿ."

ಪದ್ಮಕ್ಕ ತಮ್ಮ ಬುತ್ತಿಯ ಸ್ಟೀಲಿನ ಡಬ್ಬಿಯನ್ನು ಒರೆಸಿ ಮುಂದೆ ಇಟ್ಟರು. ಆಡುವವರು ಹತ್ತು ಮಂದಿ, ಹತ್ತು ಚೀಟಿ. ಇಬ್ಬರು ಕಳ್ಳರು, ತಳವಾರ, ವೈದ್ಯ, ಡಂಗುರದವರು, ಐವರು ಊರವರು. ಡಬ್ಬಿ ಕುಲುಕಿ ಮೊದಲು ನಾನೇ ಒಂದು ತೆಗೆದುಕೊಂಡೆ, ಬಿಚ್ಚಲಿಲ್ಲ. ಆಮೇಲೆ ಡಬ್ಬಿ ಹಿಡಿದು ಒಬ್ಬೊಬ್ಬರ ಮುಂದೆ ಹೋದೆ.

ಮೊದಲ ಮೂವರು ತೆಗೆದರು. ಸಜ್ಜಿ, "ನಾ ಬರೇ ನೋಡ್ತೇನ್ರಿ, ಮೊಣಕಾಲ ಭಾಳ ನೋಯಾಕತ್ತಾವ" ಎಂದ. ಚೀಟಿ ತೆಗೆಯಲು ಮೊಣಕಾಲು ಯಾಕೆ ಬೇಕೋ ನನಗೆ ತಿಳಿಯಲಿಲ್ಲ. ಮಡಕಿಗೆ ಅದೇ ಹೊತ್ತಿಗೆ ಫೋನು ಬಂತು, ಸದ್ದಿಲ್ಲದ ಫೋನು. ಅಗಸಿ ಎದ್ದು ಹೊಳೆಯ ಹಕ್ಕಿ ನೋಡಲು ಹೋದಳು, ಹಕ್ಕಿಗಳು ಬೆಳಗಿನಿಂದ ಅಲ್ಲೇ ಇದ್ದವು. ನವಣಿ ಎರಡೂ ಅಂಗೈ ತೋರಿಸಿ, "ಕೈ ಎಣ್ಣಿ ಆಗ್ಯಾವ್ರಿ ಅಕ್ಕಾರ, ಚೀಟಿ ಹೊಲಸ ಆಕ್ಕಾವು" ಎಂದ. ಭಜಿ ತಿಂದು ಒಂದು ತಾಸಾಗಿತ್ತು. ಕೈ ತೊಳೆಯಲು ಎದುರಿಗೆ ಇಡೀ ಘಟಪ್ರಭಾ ಹೊಳೆ ಹರಿಯುತ್ತಿತ್ತು.

ನಾಲ್ವರು. ವಾರ ವಾರ ನನ್ನ ಡಂಗುರಕ್ಕೆ ಕೆಂಪು ಹೃದಯ ಒತ್ತಿದ ಬೆರಳುಗಳು ಅವು. ಒಂದು ಚೀಟಿ ಮುಟ್ಟಲು ಬಾರವು! ಇರಲಿ, ಒಬ್ಬರದು ನಿಜವಾಗಿಯೂ ಮೊಣಕಾಲು ನೋವೇ ಇದ್ದೀತು. ನಾಲ್ವರದೂ ಒಂದೇ ನಿಮಿಷಕ್ಕೆ ಎದ್ದಿತೆ? ಡಬ್ಬಿಯೊಳಗೆ ಚೀಟಿಗಳು ಸರಬರ ಎನ್ನುತ್ತಿದ್ದವು. ಆ ಡಬ್ಬಿಯನ್ನು ಹೊಳೆಗೆ ಎಸೆದು ಸ್ಕೂಟರ್ ಹತ್ತಿಬಿಡಬೇಕೆನ್ನಿಸಿತು. ಎಸೆಯಲಿಲ್ಲ. ಹೋದರೆ ನನ್ನ ಮತವೂ ಹೋಗುತ್ತಿತ್ತು.

ಇನ್ನೊಬ್ಬರು ತೆಗೆದ ಮೇಲೆ ಕೊನೆಗೆ ಉಳಿದವನು ಮಹಾಂತೇಶ. ಅವನ ಕೈ ಡಬ್ಬಿಯ ಮೇಲೆ ಬಂದು ನಿಂತಿತು. ನನ್ನ ಮುಖ ನೋಡಿದ, ಜಮಖಾನೆಯ ಮೇಲಿದ್ದ ಹಲಗಿ ನೋಡಿದ. ಕೊನೆಗೆ ತೆಗೆದ. ಬಿಚ್ಚಿದ. ಓದಿದ. ಅವನ ಭುಜಗಳು ಇಳಿದವು, ತುಟಿಯ ಮೇಲೆ ಒಂದು ಸಣ್ಣ ನಗು ಬಂತು, ಉಸಿರು ಹೊರಗೆ ಹೋಯಿತು. ನನ್ನದನ್ನು ಆಗ ಬಿಚ್ಚಿದೆ. ಊರವರು.

ನಾವು ಆರು ಮಂದಿ ಉಳಿದೆವು. ಒಬ್ಬೊಬ್ಬರೂ ಪದ್ಮಕ್ಕನಿಗೆ ಗುಟ್ಟಾಗಿ ಚೀಟಿ ತೋರಿಸಿದೆವು. ಪದ್ಮಕ್ಕ ಡಬ್ಬಿಯಲ್ಲಿ ಉಳಿದಿದ್ದ ನಾಲ್ಕನ್ನೂ ಬಿಚ್ಚಿ ನೋಡಿ, "ಡಂಗುರದ್ದು ಇಲ್ಲೇ ಉಳದೈತಿ. ಯಾರೂ ತಗೊಂಡಿಲ್ಲ" ಎಂದರು. ಬೆಳಕಿರುವಾಗಲೇ ಮುಗಿಯಲಿ ಎಂದು ಮೊದಲ ರಾತ್ರಿಯನ್ನು ಬಿಟ್ಟು ಸೀದಾ ಮತಕ್ಕೇ ಹೋದೆವು.

"ಯಾರ ಮ್ಯಾಲ ಸಂಶಯ? ಹೇಳ್ರಿ" ಎಂದರು ಪದ್ಮಕ್ಕ.

ನಾನು ಕೈ ಎತ್ತಿದೆ. ಒಂದು ವರ್ಷದ ಮೇಲಾಗಿತ್ತು ಆ ಕೈ ಎತ್ತಿ. "ಮಹಾಂತೇಶ."

ಹಳೆಯ ನೆನಪಿಗೆ ಇರಬೇಕು, ಹುರಳಿ ಸುಮ್ಮನೆ ಹೇಳುವವಳಲ್ಲ ಎಂದು ಇನ್ನೂ ಮೂರು ಕೈ ಎದ್ದವು. ನಾಲ್ಕು ಮತ. ಮಹಾಂತೇಶ ಊರು ಬಿಡಬೇಕು.

"ಇದೇನ್ರಿ ಅಕ್ಕಾರ! ನಾ ಬಾಯಿನ ತಗದಿಲ್ಲ. ಪುರಾವಾ ಏನೈತ್ರಿ?"

"ಚೀಟಿ ಓದಿದಾಗ ನಿಮ್ಮ ಮಾರಿ ನೋಡಿದೆ."

"ಮಾರಿ ಏನಾಗಿತ್ರಿ?"

"ಜೀವ ಉಳದಂಗ ಆಗಿತ್ತು."

ಕಿವಿಗಳು ಕೆಂಪಗಾದವು, ಈ ಸಲ ಅವನವು. ಕೈಯಲ್ಲಿದ್ದ ಚೀಟಿಯನ್ನು ಎಲ್ಲರಿಗೂ ತೋರಿಸಿದ. ಊರವರು. ಅವನು ಕಳ್ಳನಲ್ಲ, ನನ್ನ ಪಕ್ಷದವನೇ. ಅದು ನನಗೆ ಅವನ ಉಸಿರು ಹೊರಬಿದ್ದಾಗಲೇ ಗೊತ್ತಿತ್ತು, ಕಳ್ಳನ ಚೀಟಿ ಬಂದವನು ಹಾಗೆ ಹಗುರಾಗುವುದಿಲ್ಲ. ಗೊತ್ತಿದ್ದೇ ಹಾಕಿದೆ. ಆಟದ ನಿಯಮದ ಪ್ರಕಾರ ಅದು ತಪ್ಪು ಮತ, ನನ್ನ ಊರನ್ನು ನಾನೇ ಸೋಲಿಸಿದೆ. ಪಶ್ಚಾತ್ತಾಪ ಪಡಲು ಬಹಳ ಪ್ರಯತ್ನಪಟ್ಟೆ, ಬರಲಿಲ್ಲ.

"ಇನ್ನ ಸಾರಾವ್ರು ಯಾರು?" ಯಾರೋ ಮೆಲ್ಲಗೆ ಕೇಳಿದರು. ಮತದಿಂದ ಯಾರು ಹೊರಬಿದ್ದರೆಂದು ಸಾರದೆ ಆಟ ಮುಂದೆ ಹೋಗುವಂತಿಲ್ಲ, ಅದು ಮಹಾಂತೇಶನದೇ ನಿಯಮ. ಎಲ್ಲರೂ ಪದ್ಮಕ್ಕನ ಕಡೆ ನೋಡಿದರು.

"ನಾ ಆಟಾ ನಡಸಾಕಿ. ನಾ ಸಾರೂದಿಲ್ಲ" ಎಂದರು ಪದ್ಮಕ್ಕ, ಡಬ್ಬಿಯ ಮುಚ್ಚಳ ಒತ್ತುತ್ತ. "ಊರ ಬಿಡಾವ್ರು ತಾವ ಸಾರಿ ಬಿಡ್ರಿ. ಹಲಗಿ ಅಲ್ಲೇ ಐತಿ."

ಮಹಾಂತೇಶ ಎದ್ದ. ಹಲಗಿಯನ್ನು ಎರಡು ಬೆರಳಿನಿಂದ ಎತ್ತಿದ, ಆಮೇಲೆ ಇಡೀ ಕೈಯಿಂದ ಹಿಡಿದ. ರಿಬ್ಬನ್ನು ಮಣಿಕಟ್ಟಿಗೆ ಸುತ್ತಿಕೊಂಡಿತು. ಒಂದು ಏಟು ಬಡಿದ, ಪೊಳ್ಳು ಸದ್ದು ಬಂತು. ಒಡ್ಡಿನ ಕಟ್ಟೆಯ ಮೇಲಿದ್ದ ಬೇರೆ ಮಂದಿ ಇತ್ತ ತಿರುಗಿ ನೋಡಿದರು. ಅವರಲ್ಲಿ ಅವನ ಗುರುತಿನವರು ಯಾರಾದರೂ ಇದ್ದಾರೆಯೆ ಎಂದು ಅವನ ಕಣ್ಣು ಹುಡುಕಿದ್ದನ್ನು ಕಂಡೆ.

"ಕೇಳ್ರಪ್ಪೋ..." ಎಂದ. ಪಕ್ಕದವರಿಗೂ ಕೇಳಿಸಲಿಲ್ಲ.

"ಜೋರ ಹೇಳ್ರಿ ಮಹಾಂತೇಶ ಅವರ," ಎಂದೆ ನಾನು. "ಕೇರಿಗೂ ಕೇಳಬೇಕು."